ನೀರು ತೊಳೆದ ಪುಡಿ

ಭಾನುವಾರ ಬೆಳಿಗ್ಗೆ ಚಳ್ಳಕೆರೆಯ ಬಸ್ಸಿಳಿದು ಮೊಳಕಾಲ್ಮುರಿನ ಮನೆಗೆ ಬಂದ ಜ್ಯೋತಿಲಕ್ಷ್ಮಿ ಮೊದಲು ಕಂಡದ್ದು ಅಜ್ಜಿಯ ಬಾಯನ್ನು. ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತ ಗೋವಿಂದಮ್ಮ ತೋರುಬೆರಳನ್ನು ದವಡೆಯ ಕೊನೆಯವರೆಗೂ ತೂರಿಸಿ ಹಲ್ಲುಜ್ಜುತ್ತಿದ್ದಳು. ತುಟಿಯ ಎರಡೂ ಅಂಚಿನಿಂದ ಕಪ್ಪು ಜೊಲ್ಲು ಇಳಿದು ಗದ್ದದ ಸುಕ್ಕುಗಳಲ್ಲಿ ಕವಲೊಡೆದಿತ್ತು. ಕಪ್ಪೆಂದರೆ ಇದ್ದಿಲಿನ ಕಪ್ಪಲ್ಲ. ಬಿಸಿಲು ಬಿದ್ದಾಗ ಅದರ ಅಂಚಿನಲ್ಲಿ ಸತ್ತ ನೊಣದ ಬೆನ್ನಿನಂಥ ನೀಲಿ ಹೊಳೆಯುತ್ತಿತ್ತು.

"ಜೇಜೀ, ಏನದು ಬಾಯಾಗೆ?"

ತೆಲುಗು ಮನೆಮಾತಿನ ಆ ಮನೆಯಲ್ಲಿ ಅಜ್ಜಿ ಎಂದರೆ ಜೇಜಿ. ಗೋವಿಂದಮ್ಮ ತಾಳು ಎನ್ನುವಂತೆ ಎಡಗೈ ಎತ್ತಿ, ಥೂ ಎಂದು ಮೋರಿಗೆ ಉಗಿದು, ಸೆರಗಿನಲ್ಲಿ ಗದ್ದ ಒರೆಸಿಕೊಂಡಳು.

"ನಿಂದೇ ಕಣೆ ಪುಡಿ. ಮಾಳಿಗೆ ಮ್ಯಾಲೆ ಚೀಲದಾಗೆ ಬಿದ್ದಿತ್ತಲ್ಲ, ಅದು. ಶೇಂಗಾ ಸಿಪ್ಪೆ ಇದ್ಲು ಉಜ್ಜಿದ್ರೆ ವಸಡು ಕಿತ್ತು ಬರ್ತಿತ್ತು. ಇದು ಬೆಣ್ಣೆ ಬೆಣ್ಣೆ. ನೋಡಿಲ್ಲಿ." ಹಲ್ಲು ಕಿರಿದಳು. ಉಳಿದಿದ್ದ ಹಲ್ಲುಗಳು ಮದುವೆಗೆ ಬೆಳಗಿದ ಹಿತ್ತಾಳೆಯಂತೆ ಹೊಳೆದವು. ವಸಡಿನ ಸಂದಿಯಲ್ಲಿ ಮಾತ್ರ ಕಪ್ಪು ಗೆರೆ ಎಳೆದಂತೆ ಕೂತಿತ್ತು.

ಜ್ಯೋತಿ ಎರಡು ಹೆಜ್ಜೆ ಹಿಂದೆ ಸರಿದಳು.

ಆ ಪುಡಿ ಏನೆಂದು ಓಣಿಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಜ್ಯೋತಿಗೆ ಗೊತ್ತಿತ್ತು, ಅದನ್ನು ಮಾಡಿದವರಲ್ಲಿ ಅವಳೂ ಒಬ್ಬಳು. ರಾಂಪುರ ದಾಟಿ ಬಳ್ಳಾರಿಯ ಕಡೆ ಹೋಗುವ ದಾರಿಯಲ್ಲಿ ಏಕಾಂತಪ್ಪ ಎಂಬವರದೊಂದು ಕಬ್ಬಿಣದ ಕಾರ್ಖಾನೆ. ಅದರ ಹೊಗೆಗೊಳವೆಯ ಬುಡದಲ್ಲಿ ಬೀಳುವ ಧೂಳು ಗುಡ್ಡಗಟ್ಟಲೆ ಬೆಳೆದು, ಸುತ್ತಲ ಹೊಲದವರು ಬಂದು ಜಗಳವಾಡುವ ಹಂತಕ್ಕೆ ಬಂದಿತ್ತು. ಜ್ಯೋತಿ ಎಂ.ಎಸ್ಸಿ. ಮುಗಿಸಿ ಸಹಾಯಕಿಯಾಗಿ ಸೇರಿದ್ದ ಚಳ್ಳಕೆರೆಯ ಖಾಸಗಿ ಕಾಲೇಜಿನ ಪ್ರಯೋಗಾಲಯದಲ್ಲಿ ಆ ಧೂಳನ್ನು ಆಮ್ಲದಲ್ಲಿ ಕರಗಿಸಿ, ಎಣ್ಣೆ ಗಿರಣಿಯವರು ಬಿಸಾಡುವ ಶೇಂಗಾ ಸಿಪ್ಪೆಯ ಇದ್ದಿಲಿನ ಜೊತೆ ಕುಲುಮೆಯಲ್ಲಿ ಬೇಯಿಸಿದರೆ ಒಂದು ಪುಡಿ ಬರುತ್ತಿತ್ತು. ನ್ಯಾನೋ ಪುಡಿ. ತಲೆಗೂದಲಿನ ದಪ್ಪವನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿನಷ್ಟು ಅದರ ಕಣ. ಬಣ್ಣದ ನೀರಿಗೆ ಹಾಕಿದರೆ ಬಣ್ಣವನ್ನೆಲ್ಲ ಮೈಗೆ ಅಂಟಿಸಿಕೊಳ್ಳುತ್ತದೆ, ಆಮೇಲೆ ಅಯಸ್ಕಾಂತ ಹಿಡಿದರೆ ಬಣ್ಣದ ಸಮೇತ ಒಂದು ಮೂಲೆಗೆ ಬಂದು ಕೂರುತ್ತದೆ. ಮೇಲೆ ಉಳಿಯುವುದು ತಿಳಿನೀರು.

ಪ್ರಯೋಗಕ್ಕೆ ಜಾಗ ಹುಡುಕುವಾಗ ಜ್ಯೋತಿ ತನ್ನ ಓಣಿಯ ಹೆಸರು ಹೇಳಿದ್ದಳು. ರೇಷ್ಮೆ ಸೀರೆಯ ನೂಲಿಗೆ ಬಣ್ಣ ಹಾಕುವವರ ಓಣಿ ಅದು. ಹಸಿ ರೇಷ್ಮೆಯನ್ನು ಸೋಡಾ ಸಾಬೂನಿನಲ್ಲಿ ಕುದಿಸಿದರೆ ಹುಳದ ಅಂಟು ಬಿಟ್ಟುಕೊಂಡು ಒಂದು ವಾಸನೆ ಬರುತ್ತದೆ, ಅಟ್ಟದ ಮೇಲೆ ಇಲಿ ಸತ್ತು ಕೊಳೆತ ಹಾಗೆ. ಆ ನೀರಿನ ಜೊತೆ ಬಣ್ಣದ ನೀರು, ಬಚ್ಚಲ ನೀರು, ಪಕ್ಕದ ಸುಲೋಚನಮ್ಮನ ಎಮ್ಮೆಯ ಗಂಜಲ ಎಲ್ಲವೂ ಒಂದೇ ಮೋರಿಯಲ್ಲಿ ಹರಿಯುತ್ತಿತ್ತು. ಚಿಕ್ಕವಳಿದ್ದಾಗಿನಿಂದ ಆ ಮೋರಿ ದಾಟುವಾಗ ಜ್ಯೋತಿ ಉಸಿರು ಕಟ್ಟುತ್ತಿದ್ದಳು. ಅವಳಪ್ಪ ಗಂಗರಾಜುವಿನ ಬಣ್ಣದ ಮನೆಯ ಹಿಂದೆ ಕಾಲೇಜಿನವರು ಡ್ರಮ್ಮುಗಳನ್ನು ಕೂರಿಸಿದ ಮೇಲೆ ಮೋರಿಯಲ್ಲಿ ಮೊದಲ ಸಲ ತಳದ ಕಲ್ಲು ಕಂಡಿತು. ಓಣಿಯವರು ನಿಂತು ನಿಂತು ನೋಡಿದರು.

ಆದರೆ ಬಣ್ಣ ಎಲ್ಲಿಗೂ ಹೋಗಿರಲಿಲ್ಲ. ಡ್ರಮ್ಮಿನ ತಳದಲ್ಲಿ ಕರೀ ರಾಡಿಯಾಗಿ ಕೂತಿತ್ತು. ಅದನ್ನು ಬಸಿದು, ಮಾಳಿಗೆಯ ಮೇಲೆ ಒಣಗಿಸಿ, ಚೀಲಕ್ಕೆ ತುಂಬಿಡಬೇಕು, ಕಾಲೇಜಿನ ಗಾಡಿ ಬಂದು ಒಯ್ಯುತ್ತದೆ ಎಂದು ಪ್ರೊಫೆಸರ್ ವಿಶ್ವನಾಥ್ ಹೇಳಿದ್ದರು. ಜ್ಯೋತಿ ಕೇಳಿದಾಗಲೆಲ್ಲ "ಈ ವಾರ ಕಳಿಸೋಣಮ್ಮ" ಎಂದಿದ್ದರು. ಗಾಡಿ ಬರಲಿಲ್ಲ. ಚೀಲಗಳು ಒಂದರ ಮೇಲೊಂದು ಏರಿದವು. ಕೊನೆಗೆ ಒಂದು ಮಧ್ಯಾಹ್ನ ಹಪ್ಪಳ ಒಣಹಾಕಲು ಮಾಳಿಗೆ ಹತ್ತಿದ ಗೋವಿಂದಮ್ಮ ಚೀಲದ ಬಾಯಿ ಬಿಚ್ಚಿ, ಬೆರಳಲ್ಲಿ ಹೊಸಕಿ ನೋಡಿದ್ದಳು.

"ಜೇಜಿ, ಉಗಿ. ಪೂರ್ತಿ ಉಗಿ. ಅದು ವಿಷ."

"ಹೋಗೇ. ನೀರನ್ನೇ ತೊಳೆಯೋ ಪುಡಿ, ನನ್ನ ಬಾಯಿ ತೊಳೆಯಲ್ವಾ?"

"ನೀರಿನ ಕೊಳೆಯೆಲ್ಲ ಅದರ ಮೈಯಾಗೈತೆ ಜೇಜಿ. ನೀರು ತಿಳಿಯಾಗೈತೆ ಅಂದ್ರೆ ಪುಡಿ ಹೊಲಸಾಗೈತೆ ಅಂತ ಅರ್ಥ."

"ಸಾಬೂನು ಬಟ್ಟೆ ಕೊಳೆ ತೆಗೀತೈತೆ. ಸಾಬೂನು ಹೊಲಸೇನೇ?" ಗೋವಿಂದಮ್ಮ ಗೆದ್ದವಳಂತೆ ಬಾಯಿ ಮುಕ್ಕಳಿಸಿದಳು. "ನಿನಗೆ ಯಾವುದು ಹೊಲಸಲ್ಲ ಹೇಳು? ನನ್ನ ಕೈಯ ಮುದ್ದೆಗೂ ಮೂಗು ಮುಚ್ಚಿದೋಳು ನೀನು."

ಜ್ಯೋತಿ ತೊಡರಿಕೊಂಡದ್ದು ಅಲ್ಲೇ. ಎಂಜಲು ಲೋಟ ಕಂಡರೆ ಛೀ, ಒದ್ದೆ ಚಾಪೆ ಕಂಡರೆ ಛೀ, ಬಸ್ಸಿನ ಕಂಬಿ ಹಿಡಿದ ಕೈಯಲ್ಲಿ ಯಾರಾದರೂ ಪ್ರಸಾದ ಕೊಟ್ಟರೆ ಛೀ. ಹೇಸಿಗೆ ಹುಡುಗಿ ಎಂದೇ ಓಣಿ ಅವಳನ್ನು ಕರೆಯುತ್ತಿತ್ತು. ಅಂಥವಳು ಈಗ ಒಂದು ಪುಡಿಯನ್ನು ಹೊಲಸು ಎಂದರೆ ಯಾರು ಕಿವಿಗೆ ಹಾಕಿಕೊಂಡಾರು?

"ಬೇರೆ ಯಾರಿಗಾದ್ರೂ ಕೊಟ್ಟಿದೀಯಾ?"

"ಕೇಳಿದೋರಿಗೆ ಇಲ್ಲ ಅನ್ನಾಕಾಯ್ತದೇನೇ? ಅರ್ಧ ಓಣಿ ಉಜ್ತೈತೆ."

ಜ್ಯೋತಿ ಓಡಿದಳು. ಸುಲೋಚನಮ್ಮ ಅಂಗಳದಲ್ಲಿ ಕೂತು ಅದೇ ಪುಡಿಯಲ್ಲಿ ಹಾಲಿನ ಚೊಂಬು ಬೆಳಗುತ್ತಿದ್ದಳು. ಕೈ ಮೊಣಕೈವರೆಗೆ ಕಪ್ಪು. ಉಗುರಿನೊಳಗೆ, ಗೆರೆಯೊಳಗೆ ಇಳಿದ ಕಪ್ಪು.

"ಅಕ್ಕಾ, ಅದನ್ನ ಮುಟ್ಟಬ್ಯಾಡ್ರಿ. ಮೋರಿ ರಾಡಿ ಅದು."

"ಅಯ್ಯೋ, ಬಂದ್ಲು ನೋಡ್ರಿ ಮಡಿವಂತೆ!" ಸುಲೋಚನಮ್ಮ ಆಚೆ ಮನೆಗೂ ಕೇಳುವ ಹಾಗೆ ನಕ್ಕಳು. "ನಮ್ಮ ಚೊಂಬು ಬೆಳ್ಳಗಾದ್ರೆ ನಿನಗೇನು ಹೊಟ್ಟೆ ಉರಿ? ಕಾಲೇಜಿನಾಗೆ ಮಾರ್ಕೋಬೇಕು ಅಂತಿದ್ರೆ ನೇರ ಹೇಳೇ ತಾಯಿ."

ಮುಂದಿನ ಮನೆಯಲ್ಲೂ ಇದೇ ಆಯಿತು. ಅದರಾಚೆಯ ಮನೆಯ ಬಾಗಿಲಲ್ಲಿ ಜ್ಯೋತಿ ತಟ್ಟಲು ಎತ್ತಿದ ಕೈಯನ್ನು ಇಳಿಸಿದಳು. ಒಳಗೆ ಯಾರೋ ಮುಕ್ಕಳಿಸಿ ಉಗುಳುವ ಸದ್ದು ಕೇಳಿಸಿತು. ವಾಪಸ್ ಬಂದಳು.

ಸಾರ್ ಹೇಳಿದರೆ ಕೇಳುತ್ತಾರೆ, ಸಾರ್ ಬಂದು ಒಂದು ಮಾತು ಹೇಳಲಿ. ಆ ಒಂದೇ ಆಸೆ ಇಟ್ಟುಕೊಂಡು ಮರುದಿನ ಚಳ್ಳಕೆರೆಗೆ ಹೋದಳು.

ವಿಶ್ವನಾಥರ ಕೋಣೆಯಲ್ಲಿ ಏಕಾಂತಪ್ಪನವರು ಕೂತಿದ್ದರು. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಎಡಗೆನ್ನೆಯೊಳಗೆ ಎಲೆಅಡಿಕೆ. ಜ್ಯೋತಿ ಬಾಗಿಲ ಹತ್ತಿರವೇ ನಿಂತು, ನೆಲ ನೋಡುತ್ತ, ತುಂಡು ತುಂಡಾಗಿ ಹೇಳಿದಳು. ಗಾಡಿ ಬರಲಿಲ್ಲ. ಚೀಲ ಬಿಚ್ಚಿದ್ದಾರೆ. ಹಲ್ಲುಜ್ಜುತ್ತಿದ್ದಾರೆ.

ಏಕಾಂತಪ್ಪನವರ ಹೊಟ್ಟೆ ನಗೆಯಿಂದ ಕುಲುಕತೊಡಗಿತು.

"ಹಲ್ಲುಪುಡಿ! ವಿಶ್ವನಾಥ್, ಕೇಳಿದ್ರೇನ್ರಿ? ಚೀಲಗಳನ್ನ ಎಲ್ಲಿ ಹೂಳಬೇಕು ಅಂತ ನಾವು ತಲೆ ಕೆಡಿಸ್ಕೊಂಡು ಕೂತಿದೀವಿ, ಇವರು ತಾವೇ..." ಮಾತು ಮುಗಿಸದೆ ಕಿಟಕಿಯಾಚೆ ಕೆಂಪಗೆ ಉಗಿದು, ಮೇಜಿನ ಮೇಲಿದ್ದ ಮಾದರಿಯ ಡಬ್ಬಿಗೆ ಎಲೆಯ ಕೆಂಪಿದ್ದ ಬೆರಳನ್ನೇ ಅದ್ದಿ, ಹೆಬ್ಬೆರಳಿಗೆ ತಿಕ್ಕಿ ನೋಡಿದರು. "ನಯ ಐತಪ್ಪ. ಒಳ್ಳೆ ನಯ."

"ಹಲ್ಲಿಗೆ ಅಂತ ಕೊಡಾಕಾಗಲ್ಲ ಸಾರ್, ಪರವಾನಗಿ ಬೇಕು," ಎಂದರು ವಿಶ್ವನಾಥ್, ಯೋಚಿಸುತ್ತ. "ಪಾತ್ರೆ ಬೆಳಗೋ ಪುಡಿ ಅಂತ ಕೊಡಬಹುದು. ಗುರುವಾರ ಆ ಓಣಿಯಾಗೇ ಪ್ರಾತ್ಯಕ್ಷಿಕೆ ಐತಲ್ಲ, ಅಧಿಕಾರಿಗಳೂ ಬರ್ತಾರೆ. ಪೊಟ್ಟಣ ಮಾಡಿ ಹಂಚಿದ್ರೆ ಉಳಿಕೆ ಅಂತ ಒಂದು ಚೂರೂ ಇರಲ್ಲ. ಕಾರ್ಖಾನೆ ಕಸದಿಂದ ನೀರು ಶುದ್ಧ, ನೀರಿನ ಕಸದಿಂದ ಪಾತ್ರೆ ಶುದ್ಧ."

"ಸಾರ್," ಎಂದಳು ಜ್ಯೋತಿ. ಧ್ವನಿ ಅವಳಿಗೇ ಕೇಳಿಸಲಿಲ್ಲ. "ಅವರು ಹಲ್ಲಿಗೇ ಹಾಕ್ಕೋತಾರೆ. ಅದರಾಗೆ ಬಣ್ಣ ಐತೆ, ಕಾರ್ಖಾನೆ ಧೂಳಿನ ಸೀಸ ಐತೆ."

"ಬಾಯಿಗೆ ಹಾಕಬಾರದು ಅಂತ ಸಣ್ಣಕ್ಷರದಲ್ಲಿ ಮುದ್ರಿಸೋಣಮ್ಮ."

"ನಮ್ಮ ಜೇಜಿಗೆ ಓದಾಕೆ ಬರಲ್ಲ ಸಾರ್."

"ಅದಕ್ಕೆ ನಾನೇನು ಮಾಡಲಿ?" ಅವರು ನಿಜವಾಗಿಯೂ ಅರ್ಥವಾಗದವರಂತೆ ನೋಡಿದರು. "ನೀನು ಗುರುವಾರ ತಟ್ಟೆ ಹಿಡ್ಕೊಂಡು ಪೊಟ್ಟಣ ಹಂಚು. ಅಲ್ಲಿಯವಳು, ನಿನ್ನ ಕೈಯಿಂದ ತಗೋತಾರೆ."

ಆ ಕೋಣೆಯಿಂದ ಹೊರಬಂದು ಜ್ಯೋತಿ ನಲ್ಲಿಯ ಕೆಳಗೆ ಕೈ ತೊಳೆದಳು. ಏನನ್ನೂ ಮುಟ್ಟಿರಲಿಲ್ಲ. ಆದರೂ ಸಾಬೂನು ಕರಗುವವರೆಗೂ ತೊಳೆದಳು.

ಗುರುವಾರ ಓಣಿಗೆ ಶಾಮಿಯಾನ ಬಂತು, ಪ್ಲಾಸ್ಟಿಕ್ ಕುರ್ಚಿ ಬಂದವು, ಮಾಳಿಗೆಯ ಚೀಲದ ಪುಡಿ ಪೊಟ್ಟಣವಾಗಿ ತಟ್ಟೆಗೆ ಬಂತು, ಅಧಿಕಾರಿಗಳು ಬಂದು ಮೂಗಿಗೆ ಕರವಸ್ತ್ರ ಹಿಡಿದು ಕೂತರು. ಗಂಗರಾಜು ಒಗೆದ ಪಂಚೆ ಉಟ್ಟು, ಬಂದವರಿಗೆಲ್ಲ ತನ್ನ ಡ್ರಮ್ಮುಗಳನ್ನು ಮಗಳ ಡ್ರಮ್ಮು ಎಂದು ತೋರಿಸುತ್ತಿದ್ದ. ವಿಶ್ವನಾಥರು ಗಾಜಿನ ಜಾಡಿಯಲ್ಲಿ ಮೋರಿಯ ನೀರು ತುಂಬಿ, ಹೊಸ ಪುಡಿ ಹಾಕಿ, ಕಲಕಿ, ಪಕ್ಕಕ್ಕೆ ಅಯಸ್ಕಾಂತ ಹಿಡಿದರು. ಕಪ್ಪು ಒಂದು ಬದಿಗೆ ಸರಿದು ಜಿಗಣೆಗಳ ಗುಂಪಿನಂತೆ ಗಾಜಿಗೆ ಅಂಟಿಕೊಂಡಿತು. ನೀರು ತಿಳಿಯಾಯಿತು. ಚಪ್ಪಾಳೆ ಬಿತ್ತು. ಜ್ಯೋತಿ ಒಬ್ಬಳೇ ನೀರು ನೋಡದೆ ಆ ಜಿಗಣೆಗಳನ್ನು ನೋಡುತ್ತಿದ್ದಳು.

"ತಾಯಂದಿರೇ," ಎಂದರು ಏಕಾಂತಪ್ಪನವರು ಮೈಕು ಹಿಡಿದು, "ನಿಮ್ಮ ಓಣಿಯ ಪುಡಿ ನಿಮಗೇ ಉಡುಗೊರೆ."

ಮುಂದಿನ ಸಾಲಿನಲ್ಲಿ ಗೋವಿಂದಮ್ಮ ಸೆರಗು ಚಾಚಿದಳು. "ನಂಗೆ ಎರಡು ಕೊಡೇ, ಮನೆ ಮಗಳು ನೀನು." ಹೊಳೆಯುವ ಹಲ್ಲು, ಕಪ್ಪು ವಸಡು. ಕೆಳತುಟಿಯ ಒಳಗೆ ಈಗ ಒಂದು ಹುಣ್ಣೂ ಎದ್ದಿತ್ತು, ಅದರ ನಡುವೆ ಚುಕ್ಕಿಯಂತೆ ಪುಡಿ.

ಜ್ಯೋತಿ ತಟ್ಟೆ ಹಿಡಿದು ಅಜ್ಜಿಯ ಮುಂದೆ ನಿಂತಳು. ಅವಳು ಅಜ್ಜಿಯನ್ನು ದಾಟಿದಳು. ಸುಲೋಚನಮ್ಮನನ್ನು ದಾಟಿದಳು. ಶಾಮಿಯಾನದ ಆಚೆ, ಅಪ್ಪನ ಬಣ್ಣದ ಮನೆಯ ಮುಂದೆ, ಅವತ್ತಿನ ರೇಷ್ಮೆಗೆಂದು ಇಟ್ಟ ಸೋಡಾ ಸಾಬೂನಿನ ಕೊಪ್ಪರಿಗೆ ಕುದಿಯುತ್ತಿತ್ತು. ಅಲ್ಲಿ ತಟ್ಟೆ ಕೆಳಗಿಟ್ಟಳು.

ಮೊಳಕಾಲ್ಮುರಿನ ನೇಕಾರ ಯಾರೇ ಆಗಲಿ, ಬಣ್ಣ ಹಾಕಿದ ನೂಲನ್ನು ಬಿಳಿ ಎಳೆ ನೋಡದೆ ಮನೆಗೆ ಒಯ್ಯುವುದಿಲ್ಲ. ಬಣ್ಣದ ನೂಲಿನ ಜೊತೆ ಬಣ್ಣ ಕಾಣದ ಒಂದು ಬಿಳಿ ರೇಷ್ಮೆಯ ಎಳೆಯನ್ನು ಹೊಸೆದು, ಬಿಸಿ ಸೋಡಾ ನೀರಿಗೆ ಬಿಡಬೇಕು. ಬಿಳಿ ಬಿಳಿಯಾಗಿಯೇ ಉಳಿದರೆ ಮಾಲು ಗಟ್ಟಿ. ಬಿಳಿಗೆ ಬಣ್ಣ ಹತ್ತಿತೋ, ಮಾತಿಲ್ಲ, ವಾದವಿಲ್ಲ, ಹಾಕಿದವನು ಮಾಲು ವಾಪಸ್ ತೆಗೆದುಕೊಳ್ಳಬೇಕು. ಓಣಿಯ ಸಣ್ಣ ಮಕ್ಕಳಿಗೂ ಗೊತ್ತಿದ್ದ ನೇಮ ಅದು.

ಜ್ಯೋತಿ ಒಂದು ಪೊಟ್ಟಣ ಹರಿದು ತೆಳುಬಟ್ಟೆಗೆ ಸುರಿದಳು. ಅದರೊಳಗೇ ಒಂದು ಹಿಡಿ ಬಿಳಿ ರೇಷ್ಮೆಯಿಟ್ಟು ಗಂಟು ಕಟ್ಟಿ, ಕೋಲಿಗೆ ಸಿಕ್ಕಿಸಿ ಕೊಪ್ಪರಿಗೆಗೆ ಇಳಿಬಿಟ್ಟಳು.

"ಏನೇ ಮಾಡ್ತಿದೀಯ?" ಗಂಗರಾಜು ಓಡಿ ಬಂದ.

"ಬಿಳಿ ಎಳೆ, ನಾಯ್ನ," ಎಂದಳು ಅಪ್ಪನಿಗೆ.

ನೇಕಾರರ ಓಣಿಯಲ್ಲಿ ಆ ಎರಡು ಪದ ಸಾಕು. ಕುರ್ಚಿಗಳು ಕಿರುಗುಟ್ಟಿದವು. ಹೆಂಗಸರು ಸುತ್ತ ನೆರೆದರು. ಶಾಮಿಯಾನದಲ್ಲಿ ಮೈಕು ಹಿಡಿದ ಏಕಾಂತಪ್ಪನವರೂ ಅಧಿಕಾರಿಗಳೂ ಮಾತ್ರ ಉಳಿದರು.

ಮೊದಲು ಬಂದದ್ದು ವಾಸನೆ. ಬಿಸಿಗೆ ಒಡೆದು ಮೇಲೆದ್ದ ಹುಳದ ಅಂಟು, ಬಚ್ಚಲು, ಗಂಜಲ, ಬಿಸಿಲಲ್ಲಿ ಒಣಗಿ ಅಡಗಿದ್ದ ಹಳೆಯ ಮೋರಿ ಪೂರ್ತಿ. ಒಬ್ಬ ಅಧಿಕಾರಿ ಎದ್ದು ಜೀಪಿನ ಕಡೆ ನಡೆದರು. ಆಮೇಲೆ ಗಂಟಿನಿಂದ ಬಣ್ಣ ಇಳಿಯತೊಡಗಿತು. ಗುಲಾಬಿಯ ಒಂದು ಬಾಲ, ಹಸಿರಿನ ಒಂದು ಬಾಲ, ಎರಡೂ ಸುತ್ತಿಕೊಂಡು ಕೀವು ತುಂಬಿದ ಗಾಯದಂಥ ಬಣ್ಣ. ಕೊಪ್ಪರಿಗೆಯ ನೊರೆಯೆಲ್ಲ ಆ ಬಣ್ಣಕ್ಕೆ ತಿರುಗಿತು.

ಗೋವಿಂದಮ್ಮ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. ಬಣ್ಣದ ಮನೆಗೆ ಸೊಸೆಯಾಗಿ ಬಂದವಳು, ಕೋಲಿನಿಂದ ಗಂಟು ಎತ್ತಿ, ಬಿಚ್ಚಿ, ರೇಷ್ಮೆಯನ್ನು ಬೆಳಕಿಗೆ ಹಿಡಿದಳು. ಬಿಳಿಯ ಹೆಸರಿರಲಿಲ್ಲ.

"ಇದು ನಮ್ಮನೆ ರಾಣಿ ಬಣ್ಣ," ಎಂದಳು ನಿಧಾನಕ್ಕೆ. "ಇದು ಮೂಲೆಮನೆಯೋರ ಗಿಳಿಹಸಿರು." ರೇಷ್ಮೆಯನ್ನು ಮೂಗಿಗೆ ತಂದಳು. ಮುಖ ಕಿವುಚಿದಳು. "ಏಮೇ ಇದಿ, ಏನೇ ಇದು? ಮೋರಿ ಇದು. ನಮ್ಮ ಮೋರಿ."

"ಅಯ್ಯಯ್ಯೋ," ಸುಲೋಚನಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು, ಆ ಕೈಯ ಕಪ್ಪು ಕಂಡು ಅದನ್ನು ಕಿತ್ತು ದೂರ ಹಿಡಿದಳು. "ನಮ್ಮ ಎಮ್ಮೆ ಗಂಜಲಾನೂ ಅದೇ ಮೋರಿಗೆ ಅಲ್ವೇನೇ ಹೋಗೋದು!"

ಯಾರೋ ಓಕರಿಸಿದರು. ಒಬ್ಬಳು ಉಗಿದಳು, ಪಕ್ಕದವಳು ಉಗಿದಳು, ಆಮೇಲೆ ಓಣಿಯ ಹೆಂಗಸರೆಲ್ಲ ಸೆರಗಿನಿಂದ ನಾಲಿಗೆ ಒರೆಸುತ್ತ, ಗಂಟಲು ಕೆರೆಯುತ್ತ, ಶಾಮಿಯಾನದ ಕಂಬಗಳ ಬುಡಕ್ಕೆ, ಕೆಂಪು ನೆಲಹಾಸಿನ ಮೇಲೆ, ಕಂಡಕಂಡಲ್ಲಿ ಥೂ ಥೂ ಎಂದು ಉಗಿದರು. ಇಷ್ಟು ಎಂಜಲನ್ನು ಜ್ಯೋತಿ ಒಂದೇ ಕಡೆ ಕಂಡಿರಲಿಲ್ಲ.

"ಇದು ಅವೈಜ್ಞಾನಿಕ!" ವಿಶ್ವನಾಥರು ನೆಲ ನೋಡಿ ಕಾಲಿಡುತ್ತ ಬಂದರು. "ಕುದಿಯೋ ಸೋಡಾದಲ್ಲಿ ಯಾರಮ್ಮ ಬಾಯಿ ಮುಕ್ಕಳಿಸ್ತಾರೆ?"

"ಸುಣ್ಣ ಹಾಕ್ಕೊಂಡು ಎಲೆಅಡಿಕೆ ಅಗಿಯೋ ಬಾಯಿ ಸಾರ್ ಇವರದು," ಎಂದಳು ಜ್ಯೋತಿ. ಈ ಸಲ ಎಲ್ಲರಿಗೂ ಕೇಳಿಸಿತು. "ಸುಣ್ಣಾನೂ ಸೋಡಾದಂಗೇ ಕೆಲಸ ಮಾಡ್ತೈತೆ. ಪುಡಿ ಬಾಯಾಗೆ ಇಷ್ಟು ಬೇಗ ಬಣ್ಣ ಬಿಡಲ್ಲ, ದಿನಾ ಒಂದಿಷ್ಟಿಷ್ಟು ಬಿಡ್ತೈತೆ. ಧೂಳಿನಾಗಿರೋ ಸೀಸಕ್ಕೆ ಬಣ್ಣಾನೂ ಇಲ್ಲ, ವಾಸ್ನೆನೂ ಇಲ್ಲ. ಅದನ್ನ ನಾನು ತೋರಿಸಾಕೂ ಆಗಲ್ಲ."

ಗಂಗರಾಜು ಮಗಳನ್ನೂ ಡ್ರಮ್ಮುಗಳನ್ನೂ ಒಮ್ಮೆ ನೋಡಿ, ಒಗೆದ ಪಂಚೆಯನ್ನು ಮೇಲೆತ್ತಿ ಕಟ್ಟಿದ.

"ಬಿಳಿ ಎಳೆ ಕೆಟ್ಟೈತೆ ಸಾರ್. ಮಾಲು ವಾಪಸ್ ತಗೊಳ್ರಿ."

"ತಗೊಂಡು ಎಲ್ಲಿ ಹಾಕ್ಲಿ?"

"ಅದು ಹಾಕಿದೋರಿಗೆ ಗೊತ್ತಿರಬೇಕು."

ಏಕಾಂತಪ್ಪನವರ ಬಿಳಿ ಕಾರು ಆಗಲೇ ತಿರುಗಿಕೊಂಡು ಹಾರನ್ನು ಹೊಡೆಯುತ್ತಿತ್ತು. ವಿಶ್ವನಾಥರು ಜ್ಯೋತಿಯ ಹತ್ತಿರ ಬಂದು, "ನಾಳೆಯಿಂದ ಬರಬೇಡ," ಎಂದು ಹೇಳಿ ಕಾರು ಹತ್ತಿದರು. ಚೀಲಗಳು ಇದ್ದಲ್ಲೇ ಉಳಿದವು.

ಸಂಜೆಯೊಳಗೆ ಓಣಿಯವರು ತಮ್ಮ ತಮ್ಮ ಪಾಲನ್ನೂ ತಂದು ಗಂಗರಾಜುವಿನ ಜಗುಲಿಯ ಮೇಲಿಟ್ಟರು. ಡಾಲ್ಡಾ ಡಬ್ಬಿಯಲ್ಲಿ, ಹಾರ್ಲಿಕ್ಸ್ ಬಾಟ್ಲಿಯಲ್ಲಿ, ಕುಂಕುಮದ ಭರಣಿಯಲ್ಲಿ. ಯಾರೂ ಜ್ಯೋತಿಗೆ ಒಳ್ಳೆಯ ಮಾತು ಹೇಳಲಿಲ್ಲ. "ನಿಮ್ಮನೇದು ನಿಮಗೇ," ಎಂದು ಇಟ್ಟು ಹೋದರು. ಗೋವಿಂದಮ್ಮ ಉಪ್ಪುನೀರು ಮುಕ್ಕಳಿಸಿ ಮುಕ್ಕಳಿಸಿ, ಮೊಮ್ಮಗಳಿಗೆ ಬೆನ್ನು ಹಾಕಿ ಮಲಗಿದಳು. ಗಂಗರಾಜು ಡ್ರಮ್ಮುಗಳ ನಲ್ಲಿ ತಿರುವಿ ಮುಚ್ಚಿದ.

ಬೆಳಗಾಗುವಷ್ಟರಲ್ಲಿ ಮೋರಿ ಮತ್ತೆ ರಾಣಿ ಬಣ್ಣಕ್ಕೆ ತಿರುಗಿ, ತಳದ ಕಲ್ಲು ಮುಚ್ಚಿಹೋಗಿತ್ತು.

"ಮತ್ತೆ ಇದೇ ಗತಿನೇನೇ ನಮಗೆ?" ಸುಲೋಚನಮ್ಮ ಮೂಗು ಹಿಡಿದು ಕೇಳಿದಳು. "ಆ ಪುಡಿ ನೀರಿಗಾದ್ರೂ ಚಲೋ ಇತ್ತಲ್ಲೇ."

"ಈಗ್ಲೂ ಚಲೋನೇ ಅಕ್ಕಾ. ಬಣ್ಣ ಉಂಡ ಪುಡೀನ ವಾಪಸ್ ಒಯ್ಯೋರು ಇಲ್ಲ, ಅಷ್ಟೇ."

ಹಾಗೆ ಹೇಳಿದ ಮೇಲೆ ಜ್ಯೋತಿಗೆ ಸುಮ್ಮನೆ ಕೂರಲಾಗಲಿಲ್ಲ. ಜಗುಲಿಯ ಡಬ್ಬಿ ಬಾಟ್ಲಿಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿದಳು. ಯಾರ ಯಾರದೋ ಎಂಜಲು ಬೆರಳು ಅದ್ದಿದ ಡಬ್ಬಿಗಳು. ಮುಟ್ಟುವಾಗ ಒಂದೊಂದಕ್ಕೂ ಮೈ ಜುಮ್ಮೆಂದಿತು. ತುಂಬುವುದು ಮುಗಿಯುವಷ್ಟರಲ್ಲಿ ಗೋವಿಂದಮ್ಮ ಸೀರೆ ಬದಲಾಯಿಸಿ ಹೊಸ್ತಿಲಲ್ಲಿ ನಿಂತಿದ್ದಳು.

"ನೀನೆಲ್ಲಿಗೆ ಜೇಜಿ?"

"ಬಾಯಿ ನಂದು ತಾನೇ ಸುಟ್ಟಿರೋದು? ಮೊದ್ಲು ನಿಮ್ಮ ಕಾಲೇಜು, ಆಮ್ಯಾಲೆ ಅಲ್ಲೇ ದೊಡ್ಡಾಸ್ಪತ್ರೆಗೆ ತೋರಿಸು. ನಡಿ."

ಚಳ್ಳಕೆರೆ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಹರಿಯಲು ಬಂದವನು ಒಂದು ಹೆಜ್ಜೆ ಹಿಂದೆ ಸರಿದ.

"ಏನಜ್ಜಿ ಚೀಲದಾಗೆ? ಮೋರಿ ನಾತ ಹೊಡೀತೈತೆ!"

"ಮೋರೀನೇ," ಎಂದಳು ಜ್ಯೋತಿ, ಹಿಂದಿನ ಸೀಟಿನವರಿಗೂ ಕೇಳುವ ಹಾಗೆ. "ಮಾಡಿದೋರಿಗೆ ವಾಪಸ್ ಕೊಡಾಕೆ ಹೊಂಟಿದೀವಿ."

ಇಡೀ ಬಸ್ಸು ತಿರುಗಿ ನೋಡಿತು. ಅವಳ ಕಿವಿ ಕಾದವು, ಆದರೂ ತಲೆ ತಗ್ಗಿಸಲಿಲ್ಲ. ಗೋವಿಂದಮ್ಮ ಚೀಲದಿಂದ ಒಂದು ಡಬ್ಬಿಯನ್ನು ಹೊರತೆಗೆದು, ಮುಚ್ಚಳ ಗಟ್ಟಿಯಾಗಿದೆಯೇ ಎಂದು ನೋಡಿ, ಮಡಿಲಲ್ಲಿ ಇಟ್ಟುಕೊಂಡಳು. ಊರು ದಾಟಿದ ಮೇಲೆ ಮೊದಲ ಸಲ ಮೊಮ್ಮಗಳ ಕಡೆ ತಿರುಗಿದಳು.

"ಲೇ ಜ್ಯೋತಿ, ನಿಮ್ಮ ಸಾರು ಹಲ್ಲುಜ್ಜಿಕೊಂಡೇ ಬಂದಿರ್ತಾನೇನೇ ಕಾಲೇಜಿಗೆ?"

"ಬಂದಿರ್ತಾರೆ ಜೇಜಿ."

"ಬಂದಿರ್ಲಿ ಬಿಡು. ಇನ್ನೊಂದ್ ಸಲ ಉಜ್ಜಿಕೊಳ್ಳಲಿ."